ಪೆಟ್ಟಿಗೆಯೊಳಗಿನ ಬಟ್ಟೆ, ಪರದೆಯ ಮೇಲಿನ ಸೊಬಗು

ಹೇಮಂತ ಋತು ಕಾಲಿರಿಸಿತೆಂದರೆ ಗೃಹಿಣಿಯರು ಟ್ರಂಕಿನ ತಳದಲ್ಲಿದ್ದ ಉಣ್ಣೆಯ ಬಟ್ಟೆಗಳನ್ನು ಹೊರತೆಗೆದು ಗಾಳಿಗೆ ಹರಡುವರು. ಅದೇ ವೇಳೆಗೆ ಮನೆಯ ಹೆಣ್ಣುಮಕ್ಕಳಿಂದ ಬೇಡಿಕೆಯೊಂದು ಬರುವುದುಂಟು: ಇಂತಹ ಚಲನಚಿತ್ರದಲ್ಲಿ ನಾಯಿಕೆ ತೊಟ್ಟಿದ್ದಂತಹ ಬೆಚ್ಚನೆಯ ಉಡುಪು ತನಗೂ ಬೇಕು! ತಂದೆ ತಿಂಗಳ ಸಂಬಳದ ಲೆಕ್ಕ ಹೇಳುವರು. ಮಗಳ ಮುಖ ಬಾಡುವುದು. ಇಬ್ಬರ ನಡುವೆ ಸಿಲುಕಿದ ತಾಯಿ, ಸಾಲವಾದರೂ ಸರಿ ಎಂದು ಅಂಗಡಿಗೆ ಹೊರಡುವಳು. ಇಂತಹ ಸಂದರ್ಭದಲ್ಲಿ ಚಲನಚಿತ್ರವನ್ನು ದೂಷಿಸಿ ಸುಮ್ಮನಾಗುವ ಹಿರಿಯರೂ ಉಂಟು. ಆದರೆ ಚೆಲುವನ್ನು ಬಯಸುವುದು ದೋಷವಲ್ಲ. ಆ ಚೆಲುವು ಎಲ್ಲಿಂದ ಬಂದಿತೆಂಬುದನ್ನು ತಿಳಿಯದೆ ಹಣ ತೆರುವುದೇ ದೋಷ. ಆದ್ದರಿಂದ ಈ ಸಲ ಒಂದು ಚಲನಚಿತ್ರವನ್ನೇ ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ಅವರ 'ಲಿಟಲ್ ವಿಮೆನ್' ಕಾದಂಬರಿಯ ಮೊದಲ ಭಾಗ 1868ರಲ್ಲಿಯೂ ಎರಡನೆಯ ಭಾಗ 1869ರಲ್ಲಿಯೂ ಪ್ರಕಟವಾದವು. ಆ ದೇಶದ ಅಂತರ್ಯುದ್ಧದ ಕಾಲ. ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಸಹೋದರಿಯರು. ತಂದೆ ಯುದ್ಧಭೂಮಿಯಲ್ಲಿ ಸೈನಿಕರಿಗೆ ಧರ್ಮಬೋಧಕರಾಗಿರುವರು; ಹಿಂದಿನ ಸಂಪತ್ತು ಕರಗಿಹೋಗಿದೆ; ಹೊರಗೆ ಹಿಮ, ಒಳಗೆ ಬಡತನ. ಈ ಕಥೆಯನ್ನು ಗ್ರೇಟಾ ಗರ್ವಿಗ್ ಅವರು 2019ರಲ್ಲಿ ತೆರೆಗೆ ತಂದರು. ಅದರ ವಸ್ತ್ರವಿನ್ಯಾಸಕ್ಕಾಗಿ ಜಾಕ್ವೆಲಿನ್ ಡುರಾನ್ ಅವರಿಗೆ 2020ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರಶಸ್ತಿ ಪಡೆದ ಆ ಉಡುಪುಗಳಲ್ಲಿ ಬಹುಪಾಲು ಅರಮನೆಯ ಜರತಾರಿಯಲ್ಲ. ಒಬ್ಬರದನ್ನು ಮತ್ತೊಬ್ಬರು ತೊಡುವ ಮಧ್ಯಮ ಮನೆತನದ ಬಟ್ಟೆಗಳು.

ಅವುಗಳ ಸೊಬಗಿನ ಗುಟ್ಟು ಎರಡು. ಮೊದಲನೆಯದು ಬಣ್ಣ. ಡುರಾನ್ ಅವರು ಒಬ್ಬೊಬ್ಬ ಸಹೋದರಿಗೆ ಒಂದೊಂದು ಬಣ್ಣವನ್ನು ಆಧಾರವಾಗಿ ಕೊಟ್ಟರು: ಜೋಗೆ ಕೆಂಪು, ಮೆಗ್‌ಗೆ ಹಸಿರು ಮತ್ತು ತಿಳಿನೇರಳೆ, ಬೆತ್‌ಗೆ ಕಂದು ಮತ್ತು ಗುಲಾಬಿ, ಏಮಿಗೆ ತಿಳಿನೀಲಿ. ಎರಡನೆಯದು ಪದರ. ಅಂಗಿಯ ಮೇಲೆ ತೋಳಿಲ್ಲದ ಕೋಟು, ಅದರ ಮೇಲೆ ಶಾಲು, ಕೆಳಗೆ ತುಂಬು ನೆರಿಗೆಯ ಲಂಗ. ಜೋ ಹಾಗೂ ನೆರೆಮನೆಯ ತರುಣ ತಮ್ಮ ತೋಳಿಲ್ಲದ ಕೋಟುಗಳನ್ನು ಪರಸ್ಪರ ಅದಲುಬದಲು ಮಾಡಿಕೊಂಡು ತೊಡುವರು. ಬಣ್ಣವೂ ಪದರವೂ ಅಂಗಡಿಯಲ್ಲಿ ಕೊಳ್ಳಬೇಕಾದ ವಸ್ತುಗಳಲ್ಲ. ಇದ್ದುದನ್ನು ಹೊಂದಿಸುವ ಜಾಣ್ಮೆ ಮಾತ್ರ.

ಈಗ ನಮ್ಮ ಮನೆಯ ಪೆಟ್ಟಿಗೆಗೆ ಬರೋಣ. ಮೊದಲು ಎಲ್ಲ ಬಟ್ಟೆಗಳನ್ನೂ ಹೊರತೆಗೆದು, ಸೀರೆ, ಅಂಗಿ, ಶಾಲು ಎಂದು ವಿಂಗಡಿಸದೆ, ಬಣ್ಣದ ಪ್ರಕಾರ ರಾಶಿ ಮಾಡಿರಿ. ಅಜ್ಜಿಯ ಕಂದು ಶಾಲು, ಅಣ್ಣನ ಹಳೆಯ ಸ್ವೆಟರ್, ತಾಯಿಯ ಮಾಸಲು ಗುಲಾಬಿ ಸೀರೆ ಒಂದೆಡೆ ಬಿದ್ದಾಗ, ಅವು ಒಂದಕ್ಕೊಂದು ಒಪ್ಪುವುದನ್ನು ಕಂಡು ನಿಮಗೇ ಅಚ್ಚರಿಯಾಗುವುದು. ಒಬ್ಬ ಮಗಳಿಗೆ ಒಂದು ರಾಶಿ. ಹೆಚ್ಚೆಂದರೆ ಎರಡು ಬಣ್ಣ.

ಲಂಗಕ್ಕಾಗಿ ಹಳೆಯ ಹತ್ತಿ ಸೀರೆಯನ್ನು ಕತ್ತರಿಸಬೇಕಾಗಿಲ್ಲ. ಸುಮಾರು 5.5 ಮೀಟರ್ ಉದ್ದದ ಸೀರೆಯ ಮೇಲಂಚನ್ನು ಹುಡುಗಿಯ ಎತ್ತರಕ್ಕೆ ತಕ್ಕಂತೆ ಒಳಮಡಚಿ, ಉದ್ದಕ್ಕೂ ನೆರಿಗೆ ಹಿಡಿದು, ಗಟ್ಟಿ ಪಟ್ಟಿಯೊಂದಕ್ಕೆ ಕಚ್ಚಾ ಹೊಲಿಗೆ ಹಾಕಿ, ಪಟ್ಟಿಯ ತುದಿಗಳನ್ನು ಸೊಂಟಕ್ಕೆ ಕಟ್ಟಿದರೆ ಸಾಕು. ಇಳಕಲ್ ಸೀರೆಯಾದರೆ ಅದರ ಅಂಚು ಪಾದದ ಮೇಲೆ ತಾನಾಗಿಯೇ ಅಲಂಕಾರವಾಗುವುದು. ಹೊಲಿಗೆ ಬಿಚ್ಚಿದರೆ ಸೀರೆ ಮತ್ತೆ ಸೀರೆಯೇ. ಆದರೆ ಹಿರಿಯರ ಸೀರೆಯನ್ನು ಅವರ ಅನುಮತಿಯಿಲ್ಲದೆ ಮುಟ್ಟಲಾಗದು.

ಜೋಳ ವೇಷ ಬಯಸುವ ಹುಡುಗಿಗೆ ತಂದೆಯ ತುಂಬುತೋಳಿನ ಅಂಗಿಯೂ ತೋಳಿಲ್ಲದ ಸ್ವೆಟರೂ ಸಾಕು. ಭುಜ ಅಗಲವಾದಲ್ಲಿ ಒಳಗೆ ಮಡಿಕೆ ಹಾಕಿ ನಾಲ್ಕು ಟಾಕೆ ಹಾಕಬಹುದು. ಶಾಲಿನ ನಡುಭಾಗವನ್ನು ಕುತ್ತಿಗೆಯ ಹಿಂದಿಟ್ಟು, ಎರಡೂ ತುದಿಗಳನ್ನು ಎದೆಯ ಮೇಲೆ ಅಡ್ಡಲಾಗಿ ತಂದು, ಸೊಂಟದ ಹಿಂಬದಿಯಲ್ಲಿ ಗಂಟು ಹಾಕಿರಿ. ಎದೆಯೂ ಬೆನ್ನೂ ಬೆಚ್ಚಗಿರುವುವು, ಓದುಬರಹಕ್ಕೆ ಕೈಗಳು ಬಿಡುವಾಗಿರುವುವು. ಮೈಗೆ ತಾಗುವಂತೆ ಹತ್ತಿಯ ಬಟ್ಟೆ, ಅದರ ಮೇಲೆ ಉಣ್ಣೆ ಇರಲಿ. ಪದರಗಳ ನಡುವೆ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಹೋಗದಂತೆ ತಡೆಯುವುದು; ಆದ್ದರಿಂದ ದಪ್ಪನೆಯ ಒಂದು ಬಟ್ಟೆಗಿಂತ ತೆಳುವಾದ ಎರಡು ಲೇಸು. ಒಲೆಯ ಬಳಿ ಮಾತ್ರ ಜೋತುಬೀಳುವ ತುದಿಗಳು ಬೇಡ.

ಬೆಂಕಿಯ ಮಾತು ಬಂದುದರಿಂದ ಜೋಳ ಪ್ರಸಂಗವೊಂದು ಇಲ್ಲಿ ಉಚಿತ. ಒಲೆಗೆ ತೀರ ಸಮೀಪ ನಿಲ್ಲುವ ಅಭ್ಯಾಸದಿಂದ ಆಕೆಯ ಉಡುಪಿನ ಬೆನ್ನು ಸುಟ್ಟಿತ್ತು. ಹೊಸದು ಹೊಲಿಸಲು ಹಣವಿಲ್ಲ. ಅದನ್ನೇ ತೊಟ್ಟು ನೃತ್ಯಕೂಟಕ್ಕೆ ಹೋದಳು. ಅಕ್ಕ ತಂಗಿಯರ ನಡುವೆ ಚೆನ್ನಾಗಿದ್ದ ಕೈಚೀಲ ಒಂದೇ ಜೊತೆ. ಒಳ್ಳೆಯದೊಂದನ್ನು ತೊಟ್ಟು, ಕೆಟ್ಟದೊಂದನ್ನು ಕೈಯಲ್ಲಿ ಹಿಡಿದು ಇಬ್ಬರೂ ಮರ್ಯಾದೆ ಉಳಿಸಿಕೊಂಡರು. ಬೆನ್ನು ಮರೆಮಾಡಲೆಂದು ಜನರಿಂದ ದೂರ ಸರಿದಲ್ಲಿಯೇ ಆಕೆಗೆ ನೆರೆಮನೆಯ ತರುಣನ ಸ್ನೇಹ ದೊರೆಯಿತು. ಸುಟ್ಟ ಬಟ್ಟೆ ಆಕೆಯ ಗೌರವವನ್ನು ಕಿಂಚಿತ್ತೂ ಕುಂದಿಸಲಿಲ್ಲ.

ಇದಕ್ಕೆ ಪ್ರತಿಯಾಗಿ ಮೆಗ್‌ಳ ಪ್ರಸಂಗವನ್ನು ನೋಡಿರಿ. ಮದುವೆಯಾದ ಮೇಲೆ ಶ್ರೀಮಂತ ಗೆಳತಿಯ ಸರಿಸಮ ತೋರಬೇಕೆಂಬ ಆಸೆಯಿಂದ ಆಕೆ 50 ಡಾಲರ್ ಬೆಲೆಯ ರೇಷ್ಮೆಯನ್ನು ಕೊಂಡಳು. ಪತಿ ಬೈಯಲಿಲ್ಲ; ಚಳಿಗಾಲಕ್ಕೆಂದು ಹೇಳಿಟ್ಟಿದ್ದ ತನ್ನ ಮೇಲಂಗಿಯನ್ನು ಬೇಡವೆಂದು ಹೇಳಿಕಳುಹಿಸಿದನು. ಪತ್ನಿಯ ರೇಷ್ಮೆಗಾಗಿ ಪತಿ ಚಳಿಯಲ್ಲಿ ನಡೆಯಬೇಕಾಯಿತು. ಅದನ್ನರಿತ ಮೆಗ್ ನೊಂದು, ರೇಷ್ಮೆಯನ್ನು ಆ ಗೆಳತಿಗೇ ಕೊಟ್ಟು, ಬಂದ ಹಣದಿಂದ ಪತಿಗೆ ಮೇಲಂಗಿಯನ್ನು ತಂದಳು. ಕಡಲಾಚೆಯ ಈ ಕಥೆ ನಮ್ಮ ಎಷ್ಟು ಮನೆಗಳ ಕಥೆಯಲ್ಲ! ಹೊಸ ಉಡುಪಿನ ಬೆಲೆಯನ್ನು ಮನೆಯಲ್ಲಿ ಯಾರೋ ಒಬ್ಬರು ಸದ್ದಿಲ್ಲದೆ ತೆರುತ್ತಿರುವರು. ಅವರು ಕೈಬಿಟ್ಟದ್ದು ಒಂದು ಜೊತೆ ಕನ್ನಡಕವಿರಬಹುದು, ಔಷಧಿಯಿರಬಹುದು. ಕೇಳುವವರೆಗೆ ಅವರು ಹೇಳುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಬುದ್ಧಿವಾದವಾಗಿ ಮಾತ್ರ ಹೇಳುತ್ತ ಬಂದಿದ್ದೇವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿದ ಉತ್ತರ ಕರ್ನಾಟಕದ ಅಜ್ಜಿಯರಾದರೋ ಇದ್ದ ಬಟ್ಟೆಯಲ್ಲಿಯೇ ಹಾಸಿಗೆಯನ್ನೂ ಚೆಲುವನ್ನೂ ಮಾಡಿ ತೋರಿಸಿದರು. ಮಗಳ ಆಸೆಯನ್ನು ಗದರಿಸಿ ಅಡಗಿಸದೆ, ಒಂದು ಭಾನುವಾರ ಮಧ್ಯಾಹ್ನ ತಾಯಿ, ಮಗಳು, ಅಜ್ಜಿ ಮೂವರೂ ಕುಳಿತು ಪೆಟ್ಟಿಗೆಯನ್ನು ತೆರೆಯಿರಿ. ತಂದೆಯೂ ತನ್ನ ಹಳೆಯ ಸ್ವೆಟರನ್ನು ತಂದುಕೊಡಲಿ. ಅಷ್ಟಾದ ಮೇಲೂ ಕೊಳ್ಳಲೇಬೇಕಾದುದೇನಾದರೂ ಉಳಿದರೆ, ಮನೆಯವರೆಲ್ಲರ ಅಗತ್ಯಗಳನ್ನು ಕೇಳಿ ತಿಳಿದು ಕೊಳ್ಳಿರಿ.