ಫಸ್ಟ್ ಇಯರ್ ಹುಡುಗಿಗೆ ಸಿಲಬಸ್ ಬದಲಾದರೆ ಸಾಕೇ?

ಪಿಯುಸಿ ರಿಸಲ್ಟ್ ಬಂದ ವಾರ ನಿಮ್ಮ ಮನೆ ಫೋನಿಗೆ ಬಿಡುವಿರಲ್ಲ, ಅಲ್ವಾ? ತವರಿನಿಂದ ಅಕ್ಕನೋ ಅತ್ತಿಗೆಯೋ ಮಾಡ್ತಾರೆ. 'ನಮ್ಮ ಹುಡುಗಿಗೆ ಎಪ್ಪತ್ತು ಪರ್ಸೆಂಟ್ ಬಂದಿದೆ ಕಣೇ, ಬಿಎಸ್ಸಿಗೆ ಸೇರಿಸೋದಾ, ಬಿಕಾಂಗೆ ಸೇರಿಸೋದಾ? ನೀನು ಪ್ಯಾಟೇಲಿರೋಳು, ನಿಂಗೆ ಗೊತ್ತಿರುತ್ತೆ' ಅಂತಾರೆ. ಬೋರನಕಣಿವೆ, ಹುಳಿಯಾರು, ತುರುವೇಕೆರೆ ಕಡೆಯಿಂದ ಮದುವೆಯಾಗಿ ತುಮಕೂರಿಗೋ ಬೆಂಗಳೂರಿಗೋ ಬಂದು ನೆಲೆಸಿದ ಎಷ್ಟೋ ಗೃಹಿಣಿಯರಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಹೇಳೋದು ಮಾತ್ರ ಈಚೆಗೆ ಕಷ್ಟವಾಗಿದೆ. ಯಾಕಂದ್ರೆ ನಾವು ಓದಿದ ಡಿಗ್ರಿಯೇ ಬೇರೆ, ಈಗಿನ ಡಿಗ್ರಿಯೇ ಬೇರೆ. ಅಷ್ಟೇ ಏಕೆ, ಒಂದೇ ಮನೆಯ ಅಕ್ಕ ಓದಿದ ಡಿಗ್ರಿಯೇ ಬೇರೆ, ತಂಗಿ ಓದ್ತಿರೋ ಡಿಗ್ರಿಯೇ ಬೇರೆ!

ಹೇಗೆ ಅಂತೀರಾ? 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಿಗೆ ತಂದಿತು. ದೇಶದಲ್ಲೇ ನಾವು ಮೊದಲು ಅಂತ ಹೇಳಿಕೊಂಡದ್ದೂ ಆಯಿತು. ಡಿಗ್ರಿ ನಾಲ್ಕು ವರ್ಷದ್ದಾಯಿತು. ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ವಿಜ್ಞಾನದ ಹುಡುಗಿ ಕಲಾ ವಿಭಾಗದ ಒಂದು ವಿಷಯವನ್ನೂ ಓದಬಹುದಾದ ಓಪನ್ ಎಲೆಕ್ಟಿವ್ ಬಂತು. ಫಸ್ಟ್ ಇಯರ್‌ನಲ್ಲೇ ಕಂಪ್ಯೂಟರ್ ಬಳಕೆ ಕಲಿಸುವ 'ಡಿಜಿಟಲ್ ಫ್ಲೂಯೆನ್ಸಿ' ಅನ್ನೋ ಪೇಪರ್ ಬಂತು. ಎರಡು ವರ್ಷ ಕಳೆಯೋಷ್ಟರಲ್ಲಿ ಸರ್ಕಾರ ಬದಲಾಯಿತು. 2023ರ ಅಕ್ಟೋಬರ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಬಂತು: 2024-25ರಿಂದ ಮತ್ತೆ ಮೂರೇ ವರ್ಷದ ಡಿಗ್ರಿ! ಆಯೋಗ ಅಂತಿಮ ವರದಿ ಕೊಟ್ಟಿದ್ದು 2025ರ ಆಗಸ್ಟ್‌ನಲ್ಲಿ.

ಯಾವ ನೀತಿ ಒಳ್ಳೇದು ಅನ್ನೋ ಜಗಳ ರಾಜಕಾರಣಿಗಳಿಗಿರಲಿ. ಎರಡರಲ್ಲೂ ಒಳ್ಳೇದಿದೆ, ಎರಡರಲ್ಲೂ ಕೊರತೆ ಇದೆ. ಮೂರು ವರ್ಷದ ಡಿಗ್ರಿ ವಾಪಸ್ ಬಂದದ್ದು ಹಳ್ಳಿ ಹೆಣ್ಣುಮಕ್ಕಳ ಮಟ್ಟಿಗೆ ಒಳ್ಳೇದೇ ಆಯಿತು ಅಂತ ನಮಗನ್ನಿಸುತ್ತೆ. 'ಇನ್ನೂ ಒಂದು ವರ್ಷಾನಾ? ಸಾಕು, ಗಂಡು ನೋಡೋಣ' ಅನ್ನೋ ಅಪ್ಪಂದಿರು ಕಡಿಮೆ ಇಲ್ಲ ನೋಡಿ. ಒಂದು ವರ್ಷಕ್ಕೇ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋ ಮಾತು ಅಂಥವರಿಗೆ ಒಂದು ನೆಪವಾಗುತ್ತಿತ್ತು. ಬಿಎ ಫಸ್ಟ್ ಇಯರ್ ಸರ್ಟಿಫಿಕೇಟ್ ಹಿಡಿದು ಹೋದರೆ ಯಾರು ಕೆಲಸ ಕೊಡ್ತಾರೆ, ನೀವೇ ಹೇಳಿ?

ಆದರೆ ಡಿಜಿಟಲ್ ಫ್ಲೂಯೆನ್ಸಿಯ ಉದ್ದೇಶ ಚೆನ್ನಾಗಿತ್ತು. ಕೆಲಸಕ್ಕೆ ಬೇಕಾದ್ದನ್ನು ಕೊನೇ ಸೆಮಿಸ್ಟರ್‌ವರೆಗೆ ಕಾಯದೆ ಬಾಗಿಲಲ್ಲೇ ಕಲಿಸಬೇಕು ಅನ್ನೋದು ಸರಿಯಾದ ಯೋಚನೆ. ತೊಂದರೆ ಆದದ್ದು ಕಂಪ್ಯೂಟರ್ ಸಾಲದ ಕಾಲೇಜುಗಳಲ್ಲಿ. ಅಲ್ಲಿ ಅದೂ ಬೋರ್ಡಿನ ಮೇಲೆ ಬರೆಸಿ ಬಾಯಿಪಾಠ ಮಾಡಿಸೋ ವಿಷಯವಾಯಿತು. ಈಜು ಕಲಿಸ್ತೀವಿ ಅಂತ ದಡದಲ್ಲಿ ಕೂರಿಸಿ ನೋಟ್ಸ್ ಕೊಟ್ಟ ಹಾಗೆ!

ಸಿಲಬಸ್ ಕಾಗದದ ಮೇಲೆ ಎಷ್ಟು ಚೆಂದ ಇದ್ದರೂ ಪಾಠ ಮಾಡೋರು ಬೇಕಲ್ಲ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಹುಮಟ್ಟಿಗೆ ನಡೀತಿರೋದೇ ಅತಿಥಿ ಉಪನ್ಯಾಸಕರಿಂದ. ಸೇವಾ ಭದ್ರತೆ ಕೊಡಿ ಅಂತ ಅವರು 2023ರ ಕೊನೆಯಲ್ಲಿ ಪಾಠ ನಿಲ್ಲಿಸಿ ಮುಷ್ಕರ ಹೂಡಿದರು. 2024ರ ಜನವರಿ ಆರಂಭದಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯನ್ನೇ ಮಾಡಿದರು. ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಆ ದಿನಗಳಲ್ಲಿ ಬಸ್ ಹತ್ತಿ ಬಂದು, ಖಾಲಿ ಕ್ಲಾಸ್ ನೋಡಿ ವಾಪಸ್ ಹೋದ ಫಸ್ಟ್ ಇಯರ್ ಹುಡುಗಿಯರನ್ನೂ ನೆನೆಸಿಕೊಳ್ಳಬೇಕಲ್ವಾ?

ಆ ಮೊದಲ ಆರು ತಿಂಗಳು

ಬೋರನಕಣಿವೆ ಅಂದ್ರೆ ನಿಮ್ಮಲ್ಲಿ ಹಲವರಿಗೆ ಸುವರ್ಣಮುಖಿ ನದಿಗೆ ಕಟ್ಟಿದ ಆ ಹಳೇ ಡ್ಯಾಮ್ ನೆನಪಾಗುತ್ತೆ. ಅಲ್ಲಿನ ಸುತ್ತಮುತ್ತಲ ಹಳ್ಳಿಯ ಒಬ್ಬ ಹುಡುಗಿ ಅಂತಿಟ್ಟುಕೊಳ್ಳಿ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಪಿಯುಸಿ ಹುಳಿಯಾರಿನಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಮುಗಿಸಿದಳು. ಈಗ ತಿಪಟೂರಿನಲ್ಲಿ ಬಿಎಸ್ಸಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ಸರ್ಕಾರಿ ಬಸ್ ಚಾರ್ಜಿನ ಚಿಂತೆ ಇಲ್ಲ, ನಿಜ. ಆದರೆ ಬೆಳಗ್ಗೆ ಬಸ್ ಹಿಡಿಯೋಕೆ ಕತ್ತಲಲ್ಲೇ ಎದ್ದು, ಸಂಜೆ ಮನೆ ಸೇರೋಷ್ಟರಲ್ಲಿ ಮತ್ತೆ ಕತ್ತಲು. ಕ್ಲಾಸಲ್ಲಿ ಪಾಠವೆಲ್ಲ ಇಂಗ್ಲಿಷ್. ಅರ್ಥವಾಗಲಿಲ್ಲ ಅಂತ ಕೈ ಎತ್ತೋಕೆ ನಾಚಿಕೆ. ಪಕ್ಕದಲ್ಲಿ ಕೂತೋಳು ಕಾನ್ವೆಂಟ್ ಹುಡುಗಿ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಹೋಯಿತು ಅನ್ನಿ. ಮನೇಲಿ ಏನಂತಾರೆ? 'ಓದೋಕಾಗಲ್ಲ ಅಂದ್ರೆ ಬಿಡಿಸಿಬಿಡೋಣ.'

ಅಲ್ಲಿಗೆ ಒಂದು ಹುಡುಗಿಯ ಓದು ಮುಗೀತು. ಅವಳು ದಡ್ಡಿ ಅಂತಲ್ಲ, ಆ ಆರು ತಿಂಗಳು ಅವಳ ಪಕ್ಕ ಯಾರೂ ನಿಲ್ಲಲಿಲ್ಲ ಅಂತ.

ಇಲ್ಲಿ ಇನ್ನೊಂದು ವಿಷಯವನ್ನು ನೀವು ತಿಳಿದಿರಬೇಕು. 2021ರ ಪದ್ಧತಿಯಲ್ಲಿ ನೂರಕ್ಕೆ 40 ಅಂಕ ಇಂಟರ್ನಲ್ಸ್‌ಗೆ ಇತ್ತು, 60 ಪರೀಕ್ಷೆಗೆ. 2024ರ ಪದ್ಧತಿಯಲ್ಲಿ ಇಂಟರ್ನಲ್ಸ್‌ಗೆ 20, ಪರೀಕ್ಷೆಗೆ 80. ಅಂದ್ರೆ ಅಸೈನ್‌ಮೆಂಟ್, ಟೆಸ್ಟ್ ಅಂತ ವರ್ಷವಿಡೀ ಕೂಡಿಟ್ಟ ಅಂಕದ ಆಸರೆ ಕಮ್ಮಿಯಾಗಿದೆ. ಮೂರು ಗಂಟೆಯ ಪರೀಕ್ಷೆ ಕೈಕೊಟ್ಟರೆ ಹುಡುಗಿ ಬೀಳ್ತಾಳೆ. ಇಂಟರ್ನಲ್ಸ್ ಅಂಕ ಸುಮ್ಮನೆ ಕೊಟ್ಟುಬಿಡ್ತಾರೆ ಅನ್ನೋ ದೂರಿಗೆ ಇದು ಮದ್ದಿರಬಹುದು. ಆದರೆ ಹೊಸದಾಗಿ ಇಂಗ್ಲಿಷಿನಲ್ಲಿ ಬರೆಯೋಕೆ ಹೊರಟವಳಿಗೆ ಇದು ಎತ್ತರದ ಮೆಟ್ಟಿಲು. ಅಕ್ಕನಿಗೆ ಹೇಗೋ ಪಾಸಾಯಿತು, ತಂಗಿಗೆ ಯಾಕಾಗಲಿಲ್ಲ ಅಂತ ಹೋಲಿಸಿ ಬೈಯುವ ಮುಂಚೆ ಇದನ್ನು ಮನೆಯವರಿಗೆ ತಿಳಿಸಿ. ಒಂದೆರಡು ಪೇಪರ್ ಉಳಿದರೆ ಕಾಲೇಜು ಬಿಡಬೇಕಿಲ್ಲ, ವಿಶ್ವವಿದ್ಯಾಲಯದ ನಿಯಮದಂತೆ ಮತ್ತೆ ಬರೆಯಬಹುದು ಅನ್ನೋದನ್ನೂ ಬಿಡಿಸಿ ಹೇಳಿ.

ಹೊಸ ವಿದ್ಯಾರ್ಥಿಗಳಿಗೆ ದಾರಿ ತೋರಿಸೋಕೆ ಏನೂ ವ್ಯವಸ್ಥೆ ಇಲ್ಲವೇ ಅಂದ್ರೆ, ಇದೆ. ಯುಜಿಸಿ 2019ರಲ್ಲೇ 'ದೀಕ್ಷಾರಂಭ' ಅಂತ ಮಾರ್ಗಸೂಚಿ ಹೊರಡಿಸಿತು. ಹೊಸಬರನ್ನು ಕಾಲೇಜಿಗೆ ಒಗ್ಗಿಸಬೇಕು, ಅವರಿಗೊಬ್ಬ ಮೆಂಟರ್ ಇರಬೇಕು ಅಂತ ಅದರಲ್ಲಿದೆ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಅದು ಒಂದು ದಿನದ ಸಮಾರಂಭ. ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಎರಡು ಭಾಷಣ, ಒಂದು ಸ್ವಾಗತ ಗೀತೆ. ಮುಗೀತು! ಆದರೆ ನ್ಯಾಕ್ ಮೌಲ್ಯಮಾಪನದಲ್ಲಿ ಮೆಂಟರ್‌ಗಳ ಲೆಕ್ಕ ಕೇಳ್ತಾರೆ. ಹಾಗಾಗಿ ಪಟ್ಟಿ ಅಂತೂ ಮಾಡಿಟ್ಟಿರುತ್ತಾರೆ. ನೀವು ಅಡ್ಮಿಷನ್‌ಗೆ ಜೊತೆಯಲ್ಲಿ ಹೋದರೆ ಫೀಸ್ ಎಷ್ಟು ಅಂತ ಕೇಳಿ ಬಂದುಬಿಡಬೇಡಿ. 'ನಮ್ಮ ಹುಡುಗಿಗೆ ಮೆಂಟರ್ ಯಾರು ಸರ್? ಅವರನ್ನು ಯಾವ ಹೊತ್ತಲ್ಲಿ ಕಾಣಬಹುದು?' ಅಂತ ಕೇಳಿ. ಕೇಳಿದ್ದು ತಪ್ಪಲ್ಲ. ಕೇಳೋರಿದ್ದಾರೆ ಅಂತ ಗೊತ್ತಾದರೆ ಆ ಪಟ್ಟಿಗೆ ಜೀವ ಬರುತ್ತೆ.

ಕೆಲಸದ ಮಾತು

ಡಿಗ್ರಿ ಆದ ಮೇಲೆ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ 2024ರ ಜನವರಿಯಲ್ಲಿ ಶುರುವಾಯಿತು. ಕಷ್ಟದಲ್ಲಿರೋರಿಗೆ ಆಸರೆ, ಬೇಡ ಅನ್ನೋಲ್ಲ. ಆದರೆ ಸಹಾಯ ಕೊನೆಗೆ ಬರೋದಕ್ಕಿಂತ ಮೊದಲೇ ಬಂದರೆ ವಾಸಿ. ಈ ದಿಕ್ಕಿನಲ್ಲಿ ನಮಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಅಪ್ರೆಂಟಿಸ್‌ಶಿಪ್ ಸೇರಿಸಿದ ಡಿಗ್ರಿ. ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2024-25ರಿಂದ ಇದು ಬಂದಿದೆ. ಓದಿನ ಭಾಗವಾಗೇ ಕಂಪನಿಯಲ್ಲಿ ಕೆಲಸ ಕಲಿಯೋದು, ಅದಕ್ಕೆ ಸ್ಟೈಪೆಂಡ್. ನಿಮ್ಮ ಊರಿನ ಕಾಲೇಜಿನಲ್ಲಿ ಇದೆಯಾ ಅಂತ ವಿಚಾರಿಸಿ. ಇಲ್ಲದಿದ್ದರೂ ಡಿಗ್ರಿ ಮುಗಿದ ಮೇಲೆ ಕೇಂದ್ರದ ಅಪ್ರೆಂಟಿಸ್ ತರಬೇತಿಗೆ ಹೆಸರು ನೋಂದಾಯಿಸಬಹುದು. ಅದು ಬಿಇ ಹುಡುಗರಿಗೆ ಮಾತ್ರ ಅಂತ ತಪ್ಪು ತಿಳಿದವರೇ ಜಾಸ್ತಿ. ಬಿಎ, ಬಿಕಾಂ ಮಾಡಿದವರಿಗೂ ಅವಕಾಶ ಇದೆ.

ಕೆಲಸ ಅಂದ ಕೂಡಲೇ ಬೆಂಗಳೂರೇ ಆಗಬೇಕು ಅಂತ ಏನೂ ಇಲ್ಲ. ತುಮಕೂರಿನ ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಇದೆ, 2014ರಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್ ಇದೆ. ಆಹಾರ ತಯಾರಿಸೋ ಕಡೆ ಗುಣಮಟ್ಟ ಪರೀಕ್ಷೆಗೆ ಕೆಮಿಸ್ಟ್ರಿ, ಮೈಕ್ರೋಬಯಾಲಜಿ ಓದಿದವರು ಬೇಕು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಹೆಸರು ದೇಶಕ್ಕೇ ಗೊತ್ತು. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ತೆಂಗಿನ ಪುಡಿ, ಎಣ್ಣೆ, ನಾರು ಮಾಡೋ ಘಟಕಗಳಿಗೆ, ರೈತರ ಕಂಪನಿಗಳಿಗೆ ಜಿಎಸ್‌ಟಿ ಲೆಕ್ಕ ಬರೆಯೋ ಬಿಕಾಂ ಹುಡುಗಿ ಬೇಕೇ ಬೇಕು. ವಿಚಿತ್ರ ನೋಡಿ, ತೆಂಗಿನ ಸೀಮೆಯ ನಡುವೆ ಕೂತು ಓದೋ ಮಕ್ಕಳ ಪಠ್ಯದಲ್ಲಿ ತೆಂಗು ಹುಡುಕಿದರೂ ಕಾಣೋದು ಕಷ್ಟ! ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಯಾಕೆ ಕೂರಬೇಕು ಅನ್ನೋದೇ ಒಂದು ಒಳ್ಳೇ ವಿಜ್ಞಾನದ ಪಾಠ. 2004ರಲ್ಲಿ ತುಮಕೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು ಇಂಥದ್ದಕ್ಕೇ ಅಲ್ವಾ? ಸ್ಥಳೀಯ ಕಸುಬಿನ ಒಂದು ಸ್ಕಿಲ್ ಪೇಪರನ್ನು ಮೊದಲ ವರ್ಷದಲ್ಲೇ ಇಡೋಕೆ ಯಾವ ನೀತಿಯೂ ಅಡ್ಡ ಬರಲ್ಲ.

ಇನ್ನು ದುಡ್ಡಿನ ವಿಷಯ. ತೆಂಗಿನ ಸೀಮೆಯಲ್ಲಿ ಮಗಳ ಕಾಲೇಜನ್ನು ಎಷ್ಟೋ ಸಲ ತೀರ್ಮಾನ ಮಾಡೋದು ಕೊಬ್ಬರಿ ರೇಟು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಹೋಯಿತು. 2025ರಲ್ಲಿ ಅದೇ ಕೊಬ್ಬರಿ ದಾಖಲೆ ಬೆಲೆ ಕಂಡಿತು. ಮೂರು ವರ್ಷದ ಓದನ್ನು ಹೀಗೆ ಏರಿಳಿಯೋ ರೇಟಿಗೆ ಕಟ್ಟಿಹಾಕಬಾರದು. ಅಡ್ಮಿಷನ್ ಆದ ತಿಂಗಳಲ್ಲೇ ಸ್ಕಾಲರ್‌ಶಿಪ್ ಅರ್ಜಿ ಹಾಕಿಸಿ. ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸು, ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತೆ. ಫೌಂಡೇಶನ್ ಜೊತೆ ಸೇರಿ ರಾಜ್ಯ ಸರ್ಕಾರ 2025ರಲ್ಲಿ ಇದಕ್ಕೆ 'ದೀಪಿಕಾ' ಅಂತ ಹೆಸರಿಟ್ಟು ಆರಂಭಿಸಿತು. ಅರ್ಜಿ ಹಾಕಬೇಕಾದ್ದು ಡಿಗ್ರಿಯ ಮೊದಲ ವರ್ಷದಲ್ಲಿ. ಮುಂದಿನ ವರ್ಷ ನೋಡೋಣ ಅಂದರೆ ಕೈತಪ್ಪುತ್ತೆ. ಹಾಗಾಗಿ ಅತ್ತಿಗೆಗೆ ಈಗಲೇ ಹೇಳಿಬಿಡಿ: ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತೆಗೆಸಿಡಲಿ. ಹುಡುಗಿ ಹೆಸರಿಗೇ ಬ್ಯಾಂಕ್ ಖಾತೆ ತೆಗೆಸಿ ಆಧಾರ್ ಜೋಡಿಸಲಿ. ಆಧಾರ್‌ನಲ್ಲಿ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಇನಿಷಿಯಲ್ ಒಂದೇ ರೀತಿ ಇದೆಯಾ ಅಂತ ನೋಡಲಿ. ಎಷ್ಟೋ ಅರ್ಜಿಗಳು ತಿರಸ್ಕೃತವಾಗೋದು ಆ ಒಂದು ಇನಿಷಿಯಲ್‌ಗೇ.