ನೋಟು ಗುರುತಿಸುವ ಮೊಬೈಲು

ಮಕ್ಕಳೇ, ಹೋದ ವಾರ ಸಿರವಾರದ ಕಿರಾಣಿ ಅಂಗಡಿಯಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕ. ಅವನಿಗೆ ಕಣ್ಣು ಕಾಣುವುದಿಲ್ಲ. ತೊಗರಿಬೇಳೆ, ಬೆಲ್ಲ ಕೊಂಡು, ವಾಪಸು ಬಂದ ನೋಟುಗಳನ್ನು ಒಂದೊಂದಾಗಿ ಮೊಬೈಲಿನ ಮುಂದೆ ಹಿಡಿದ. ಎಷ್ಟು ರೂಪಾಯಿಯದೆಂದು ಮೊಬೈಲೇ ಹೇಳಿತು!

ಅದು ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್. 2020ರ ಜನವರಿ 1ರಂದು ಬಂತು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ನೀವು ಚಿತ್ರ ನೋಡಿ ಅಕ್ಷರ ಕಲಿತಂತೆ, ಕಂಪ್ಯೂಟರು ನೋಟುಗಳ ಚಿತ್ರ ನೋಡಿ ಗುರುತು ಹಿಡಿಯಲು ಕಲಿಯುತ್ತದೆ. ಆದರೆ ನೋಟು ಅಸಲಿಯೋ ಖೋಟಾವೋ ಎಂಬುದನ್ನು ಅದು ಹೇಳದು.

“ಬೆರಳಿಗೆ ಗೊತ್ತಾಗೂದಿಲ್ಲೇನೋ?” ಎಂದೆ.

“200ರ ನೋಟಿಗಿಂತ 500ರದು ನಾಲ್ಕೇ ಮಿಲಿಮೀಟರ್ ಉದ್ದ, ಅಗಲ ಒಂದೇ. ಅಂಚಿನ ಉಬ್ಬುಗೆರಿ ಹಳೇ ನೋಟಿನಾಗ ಸವೆದಿರ್ತಾವ. ಒಮ್ಮೆ 200 ಅಂತ ತಿಳಿದು 500 ಕೊಟ್ಟು ಬಂದೀನಿ” ಎಂದ.

ಬ್ಯಾಂಕಿನಲ್ಲಿ ನಾನು ಎಣಿಸಿ ಕೊಟ್ಟ ಹಣವನ್ನು ನನ್ನ ಮಾತು ನಂಬಿಯೇ ಅವನು ಜೇಬಿಗಿಡುತ್ತಿದ್ದ. “ಈಗ ನನ್ನ ರೊಕ್ಕ ನಾನೇ ಎಣಸ್ತೀನಿ” ಎನ್ನುವಾಗ ಅವನ ಮುಖ ಅರಳಿತ್ತು.

ಮನೆಯಲ್ಲಿ ಕಣ್ಣು ಮಂಜಾದ ಅಜ್ಜ-ಅಜ್ಜಿ ಇದ್ದರೆ ಈ ಆ್ಯಪ್ ಹಾಕಿಕೊಡಿ. ಎಣಿಸುವುದನ್ನು ಮಾತ್ರ ಅವರಿಗೇ ಬಿಡಿ.