ಹಳೇ ಕಾರಿಗೆ ಆಯಿಲ್ ಕೂಲರ್ ಬೇಕೆ? ಮೊದಲು ರೇಡಿಯೇಟರ್ ನೋಡಿ

ನಮ್ಮದೊಂದು ಹಳೇ ಅಂಬಾಸಿಡರ್ ಡೀಸೆಲ್ ಕಾರು. ಅಂಬಾಸಿಡರ್ ತಯಾರಾಗೋದು 2014ರಲ್ಲೇ ನಿಂತುಹೋಯಿತು. ನಮ್ಮನೇಲಿ ಮಾತ್ರ ಆಸ್ಪತ್ರೆ, ಮದುವೆ, ಸಂತೆ ಎಲ್ಲಕ್ಕೂ ಇನ್ನೂ ಅದೇ ಗತಿ. ಮಳವಳ್ಳಿಯಿಂದ ಮದ್ದೂರಿಗೆ, ಮಂಡ್ಯಕ್ಕೆ ಹೋಗಿಬರುವಷ್ಟು ದಿನ ಏನೂ ತಕರಾರಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ ನನ್ನ ಮಗ ಅದರಲ್ಲಿ ಎಂಬತ್ತರ ಮೇಲೆ ಓಡಿಸೋಕೆ ಶುರು ಮಾಡಿದ. ಚನ್ನಪಟ್ಟಣ ದಾಟುವುದರೊಳಗೆ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ, ಆಯಿಲ್ ಪ್ರೆಷರ್ ಮುಳ್ಳು ಕೆಳಕ್ಕೆ.

ಒಬ್ಬ ಮೆಕ್ಯಾನಿಕ್, "ಆಯಿಲ್ ಕೂಲರ್ ಹಾಕಿಸಿಬುಡಿ ಅಣ್ಣ, ಆಮೇಲೆ ಚಿಂತೆ ಇಲ್ಲ" ಅಂದ. ಪೈಪು, ಕೂಲಿ ಸೇರಿ ಎಂಟು ಸಾವಿರ. ಮಳೆ ನಂಬಿ ರಾಗಿ, ಹುರುಳಿ ಬೆಳೆಯೋರಿಗೆ ಅದು ಒಂದು ಕುರಿ ಮಾರಿದ ದುಡ್ಡು.

ದುಡ್ಡು ಕೊಡೋ ಮೊದಲು ವಯಸ್ಸಾದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಎಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ಬಿಚ್ಚಿದ. ಒಳಗೆಲ್ಲ ಸುಣ್ಣದಂಥ ಬಿಳಿ ಪೊರೆ. "ಯಾವ ನೀರು ಹಾಕ್ತೀರಿ?" ಅಂದ. "ಬೋರ್ ನೀರು" ಅಂದೆ. "ನಿಮ್ಮನೆ ನೀರೊಲೆ ಹಂಡೆ ತಳ ನೋಡಿಲ್ವಾ ಗೌಡ್ರೆ?" ಅಂದ. ನನಗೆ ನಾಚಿಕೆಯಾಯಿತು. ತಪ್ಪು ನನ್ನದೇ.

ಆಯಿಲ್ ಕೂಲರ್ ಅಂದರೆ ಒಂದು ಚಿಕ್ಕ ರೇಡಿಯೇಟರ್. ಎಂಜಿನ್ ಆಯಿಲ್ ಪೈಪಿನಲ್ಲಿ ಹೊರಗೆ ಬಂದು, ಗಾಳಿಗೆ ತಣಿದು, ಒಳಗೆ ಹೋಗುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಆಯಿಲ್ ಅತಿಯಾಗಿ ಕಾದರೆ ಹೇಗೆ ಕೆಡುಕೋ, ಕಾಯದೇ ಇದ್ದರೂ ಹಾಗೇ ಕೆಡುಕು. ಸುಮಾರು 90ರಿಂದ 110 ಡಿಗ್ರಿ ಇದ್ದರೆ ಅದಕ್ಕೆ ಹಿತ. ಅಷ್ಟು ಕಾಯದಿದ್ದರೆ ಒಳಗೆ ಸೇರಿದ ನೀರಿನ ಪಸೆ ಆವಿಯಾಗದೆ ಆಯಿಲ್ ಕೊಳಕಾಗುತ್ತದೆ. ಮಳವಳ್ಳಿ–ಮದ್ದೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಓಡೋ ಕಾರಿಗೆ ಥರ್ಮೋಸ್ಟಾಟ್ ಇಲ್ಲದ ಕೂಲರ್ ಹಾಕಿದರೆ ಆಗೋದು ಇದೇ. ಮೇಲಾಗಿ ಹೊಸದಾಗಿ ಎರಡು ಪೈಪು, ನಾಲ್ಕು ಜಾಯಿಂಟ್. ಒಂದು ಕಿತ್ತುಹೋದರೂ ನಿಮಿಷದಲ್ಲಿ ಆಯಿಲ್ ಎಲ್ಲ ರಸ್ತೆ ಮೇಲೆ, ಎಂಜಿನ್ ಜಾಮ್.

ಇನ್ನೊಂದು ಮುಖ್ಯ ಮಾತು. ಬಿಸಿಯಾದಾಗ ಪ್ರೆಷರ್ ಬೀಳೋದಕ್ಕೆ ಬೇರಿಂಗ್ ಸವೆದಿರೋದೂ ಕಾರಣ ಇರಬಹುದು. ಕೂಲರ್ ಹಾಕಿದರೆ ಆಯಿಲ್ ಮಂದವಾಗಿ ಮುಳ್ಳು ಮೇಲೇಳುತ್ತದೆ, ಸವೆತ ಹಾಗೇ ಇರುತ್ತದೆ. ಜ್ವರ ಬಿಟ್ಟಿಲ್ಲ, ತಣ್ಣೀರು ಬಟ್ಟೆ ಹಾಕಿದ್ದೇವೆ ಅಷ್ಟೆ.

ಕೂಲರ್ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ಹಲವು ಲಾರಿ, ದೊಡ್ಡ ಟ್ರ್ಯಾಕ್ಟರ್‌ಗಳಿಗೆ ಕಂಪನಿಯವರೇ ಹಾಕಿರುತ್ತಾರೆ. ಹಳೇ ಗಾಡಿಯಲ್ಲಿ ದಿನಾ ಭಾರ ಹೇರಿ ದೂರ ಓಡೋರು, ಎಂಜಿನ್ ಸರಿ ಇದ್ದೂ ಆಯಿಲ್ ಕಾಯುತ್ತಿದ್ದರೆ, ಥರ್ಮೋಸ್ಟಾಟ್ ಇರೋ ಒಳ್ಳೇ ಕೂಲರ್ ಹಾಕಿಸಲಿ. ನಮ್ಮಂಥೋರು ಮೊದಲು ಮಾಡಬೇಕಾದ್ದು ಇಷ್ಟು: ರೇಡಿಯೇಟರ್ ಬಿಚ್ಚಿ ತೊಳೆಸಿ. ಬೋರ್ ನೀರು ಬಿಟ್ಟು ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಹಾಕಿ. ಫ್ಯಾನ್ ಬೆಲ್ಟ್ ಬಿಗಿ ನೋಡಿ. ಕಿತ್ತು ಬಿಸಾಕಿದ ಥರ್ಮೋಸ್ಟಾಟ್ ವಾಲ್ವ್ ಮತ್ತೆ ಹಾಕಿಸಿ. ಕಂಪನಿ ಹೇಳಿದ ಗ್ರೇಡ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಹೆದ್ದಾರಿ ನೂರಕ್ಕೆ ಇದ್ದರೂ ಹಳೇ ಕಾರಿಗೆ ಅರವತ್ತು ಸಾಕು.

ಇಷ್ಟನ್ನೂ ಮಾಡಿಸಿದೆ. ಕೂಲರಿನ ಅರ್ಧ ದುಡ್ಡೂ ಹಿಡಿಯಲಿಲ್ಲ. ಬಿಸಿ ಮುಳ್ಳು ಈಗ ನಡುವೆ ನಿಂತಿದೆ. ಪ್ರೆಷರ್ ಮಾತ್ರ ಇನ್ನೂ ಸ್ವಲ್ಪ ಕಮ್ಮಿ. ರಾಗಿ ಒಕ್ಕಣೆ ಮುಗಿದ ಮೇಲೆ ಬೇರಿಂಗ್ ಬಿಚ್ಚಿಸಿ ನೋಡಬೇಕು. ಉಳಿದ ದುಡ್ಡು ಅದಕ್ಕೇ ಎತ್ತಿಟ್ಟಿದ್ದೇನೆ.